ನೆಲದ ಬಿಸಿ ಹುಡುಕಲು ಹೋದದ್ದು

ನೆಲದೊಳಗೆ ಏನಿದೆ ಎಂದು ನೋಡುವ ಕೆಲಸದವನಿಗೆ ನೆಲದ ಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ; ಕಡಿಮೆಯಾಗುವ ಲಕ್ಷಣ ಕಾಣುತ್ತಿಲ್ಲ.

ಕೆಲಸವೇನೋ ಸರಳ. ಎರಡು ಕಬ್ಬಿಣದ ಗೂಟ ನೆಟ್ಟು ನೆಲಕ್ಕೆ ವಿದ್ಯುತ್ ಹರಿಸುವುದು, ನಡುವೆ ಇನ್ನೆರಡು ಗೂಟ ನೆಟ್ಟು ನೆಲ ಅದನ್ನು ಎಷ್ಟು ತಡೆಯಿತೆಂದು ಅಳೆಯುವುದು. ಆಳದಲ್ಲಿ ಬಿಸಿನೀರಿದ್ದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಆ ಬಿಸಿಯಿಂದ ಮುಂದೆ ಕರೆಂಟ್ ತೆಗೆಯಬಹುದೆಂಬುದು ಮೇಲಿನವರ ಆಸೆ. ಚಿತ್ರದುರ್ಗದ ಕಡೆ ಕಳಿಸುವಾಗ ಸಾಹೇಬರು ಒಂದು ಮಾತು ಹೇಳಿದ್ದರು: "ಈ ಸಲವೂ ಬಿಸಿ ಸಿಗದಿದ್ದರೆ ನಿಮ್ಮ ವಿಭಾಗ ಮುಚ್ಚುತ್ತಾರೆ." ವಿಭಾಗವೆಂದರೆ ನಾನು, ಯಂತ್ರ ನೋಡುವ ನನ್ನ ಸಹೋದ್ಯೋಗಿ, ಮತ್ತು ಒಂದು ಜೀಪು. ಮೂರರಲ್ಲಿ ಜೀಪಿಗೆ ಮಾತ್ರ ಬೇರೆ ಕಡೆ ಬೇಡಿಕೆಯಿತ್ತು.

ಕಾಯಿ

ಹೊಳಲ್ಕೆರೆಯ ಹತ್ತಿರ ಒಂದು ಹೊಲದಲ್ಲಿ ತಂತಿ ಎಳೆಯುತ್ತಿದ್ದೆವು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು ಬೋರ್‌ವೆಲ್‌ಗೆ ಜಾಗ ತೋರಿಸುವ ಹಿರಿಯರೊಬ್ಬರು ಬಂದು ನಿಂತರು. ನಮ್ಮನ್ನು ಸ್ವಂತ ಕಸುಬಿನವರೆಂದೇ ತಿಳಿದು ಆತ್ಮೀಯವಾಗಿ ಮಾತಾಡಿಸಿದರು.

"ನಿಮ್ ಯಂತ್ರ ಎಷ್ಟು ತೂಕ ಐತೆ?"

"ಐವತ್ತು ಕೇಜಿ ಇರಬಹುದು."

"ನಂದು ಒಂದು ಕಾಯಿ." ಹತ್ತು ಹೆಜ್ಜೆ ನಡೆದರು. ಅಂಗೈಯಲ್ಲಿ ಮಲಗಿದ್ದ ಕಾಯಿ ಎದ್ದು ನಿಂತಿತು. "ಇಲ್ಲೈತೆ ನೀರು. ನಿಮ್ದು ಏನಂತು?"

"ಎರಡು ತಿಂಗಳು ಲೆಕ್ಕ ಹಾಕಬೇಕು."

ಅವರು ಕಾಯಿಯನ್ನು ನಮ್ಮ ಗೂಟಕ್ಕೇ ಕುಟ್ಟಿ ಒಡೆದು ಇಬ್ಬರಿಗೂ ಒಂದೊಂದು ಹೋಳು ಕೊಟ್ಟರು. "ತಿನ್ರಿ. ನಂದು ಸುಳ್ಳಾದ್ರೆ ತಿನ್ನಾಕಾದ್ರೂ ಬರ್ತೈತೆ. ನಿಮ್ದು ಅದಕ್ಕೂ ಬರಲ್ಲ."

ಉಪ್ಪು

ಹಿರಿಯೂರು ಸೀಮೆಯ ಒಣನೆಲಕ್ಕೆ ವಿದ್ಯುತ್ ಇಳಿಯುವುದಿಲ್ಲ. ಗೂಟದ ಬುಡಕ್ಕೆ ಉಪ್ಪುನೀರು ಹೊಯ್ಯಬೇಕು. ಹೊಯ್ದೆವು. ಸ್ವಲ್ಪ ಹೊತ್ತಿಗೆ ಯಂತ್ರದ ಅಂಕಿಗಳು ಹುಚ್ಚೆದ್ದು ಕುಣಿದವು. ಕರೆಂಟ್ ನಿಲ್ಲಿಸಿ ತಂತಿಯುದ್ದಕ್ಕೂ ಓಡಿ ನೋಡಿದರೆ, ಕೊನೆಯ ಗೂಟ ನೆಲದ ಮೇಲೆ ಬಿದ್ದಿದೆ. ಅದು ನಿಂತಿದ್ದ ಗುಂಡಿಯನ್ನು ಒಂದು ಹಿಂಡು ಕುರಿ ನೆಕ್ಕುತ್ತಿದೆ.

"ಅಟ್ರಿ ಅವನ್ನ!" ಎಂದು ಕೂಗಿದೆ.

ಕುರಿಯವನು ಕೋಲಿನ ಮೇಲೆ ಗಲ್ಲ ಊರಿಕೊಂಡೇ ಹೇಳಿದ: "ಉಪ್ಪು ಹಾಕಿ ಕರ್ದೋರು ನೀವು. ಈಗ ಹೋಗ್ರಿ ಅಂದ್ರೆ ಎಂಗೆ ಹೋಗ್ತಾವೆ ಸಾರ್?"

ಒಂದು ದಿನದ ಕೆಲಸ ಹಾಳಾಯಿತು. ಸಂಜೆ ತಂತಿ ಸುತ್ತುವಾಗ ಅವನೇ ಹತ್ತಿರ ಬಂದ. ಕ್ಷಮೆ ಕೇಳುತ್ತಾನೆ ಎಂದುಕೊಂಡೆ.

"ನಾಳೆ ಎಲ್ಲಿ ಹಾಕ್ತೀರಿ ಸಾರ್? ನಮ್ಮಣ್ಣನ ಕುರಿನೂ ಹೊಡ್ಕಂಡು ಬರ್ತೀನಿ."

ಪರೀಕ್ಷೆ

ಬಬ್ಬೂರಿನ ಆಚೆ ಒಂದು ಹೊಲದಲ್ಲಿ ನನ್ನ ಜೀವಮಾನದಲ್ಲೇ ಕಾಣದಂಥ ಅಂಕಿ ಬಂತು. ವಿದ್ಯುತ್ ತಡೆಯೇ ಇಲ್ಲದೆ ಹರಿಯುತ್ತಿದೆ. ಸಹೋದ್ಯೋಗಿ ಯಂತ್ರ ಆರಿಸಿ ಮತ್ತೆ ಹಚ್ಚಿದ; ಅದೇ ಅಂಕಿ. ಸಾಹೇಬರಿಗೆ ಫೋನ್ ಮಾಡಿದೆ. ಅವರು ಅವರ ಸಾಹೇಬರಿಗೆ ಮಾಡಿದರು. ಅಭಿನಂದನೆ ಮೇಲಿನಿಂದ ಕೆಳಕ್ಕೆ ಇಳಿದು ಬಂತು. ಗೂಟ ಸರಿಪಡಿಸಲೆಂದು ಸಹೋದ್ಯೋಗಿ ಹಾರೆ ಹಾಕಿದಾಗ ಠಣ್ ಎಂದಿತು. ಹೊಲದ ಉದ್ದಕ್ಕೂ ಹಳೆಯ ಕಬ್ಬಿಣದ ಪೈಪು.

ಬೆಳಗಿನಿಂದ ಬದುವಿನ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದ ಹೊಲದ ಯಜಮಾನರು ತಲೆಯಾಡಿಸಿದರು. "ಹೂಂ. ನಮ್ಮಪ್ಪ ಹೂಳ್ಸಿದ್ದು."

"ಮೊದಲೇ ಹೇಳಬಾರದಿತ್ತೇ ಯಜಮಾನ್ರೇ?"

"ನೆಲದಾಗೆ ಏನೈತೆ ಅಂತ ಕಂಡುಹಿಡಿಯಾಕೆ ಬಂದೋರಲ್ವಾ ನೀವು? ಪಾಸಾಗ್ತೀರೋ ಇಲ್ವೋ ನೋಡಾಣ ಅಂತ ಸುಮ್ನಿದ್ದೆ."

ಅಭಿನಂದನೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂದಿರುಗಿಸುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ಹಂಡೆ

ಕೊನೆಯದು ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಹತ್ತಿರ, ಒಬ್ಬ ಹೆಂಗಸಿನ ತೆಂಗಿನ ತೋಟ. ಅಲ್ಲಿಯೂ ಬಿಸಿಯ ಸುಳಿವು ಸಿಗಲಿಲ್ಲ. ಹೊಸದುರ್ಗದ ಬಿಡಾರದಲ್ಲೇ ಎರಡು ತಿಂಗಳು ಲೆಕ್ಕ ಹಾಕಿ, ವರದಿ ಬರೆದು ಕಳಿಸಿ, ಪೆಟ್ಟಿಗೆ ಕಟ್ಟಲು ಕುಳಿತಿದ್ದಾಗ ಆ ಯಜಮಾನಿಯ ಫೋನ್ ಬಂತು.

"ಸಾರ್, ನೀವು ನಡುಮಧ್ಯ ಗೂಟ ಹೊಡ್ದಿದ್ರಲ್ಲ, ಅಲ್ಲೇ ಬೋರ್ ಕೊರ್ಸಿದ್ವಿ. ನೀರು ಚಿಮ್ತಾ ಐತೆ! ಬರ್ರಿ, ಬೇಗ ಬರ್ರಿ."

ನಡುವಿನ ಗೂಟ ನಾವು ಅಳತೆಯ ಅನುಕೂಲಕ್ಕೆ ನೆಟ್ಟದ್ದು. ಬೋರ್‌ಗೆ ಜಾಗ ಗುರುತು ಮಾಡಿದ್ದಾರೆಂದು ಆಕೆ ತಿಳಿದಿದ್ದಳು. ಸಾಹೇಬರಿಗೆ ಹೇಳಿದೆ. ಅವರ ದನಿ ಬದಲಾಯಿತು: "ನೀರು ಬಿಸಿ ಇದೆಯಾ? ಹೋಗಿ ನೋಡಿ. ವರದಿ ತಡೆಹಿಡಿಯುತ್ತೇನೆ."

ಥರ್ಮಾಮೀಟರ್ ಹಿಡಿದು ಓಡಿದೆವು. ತೋಟದಲ್ಲಿ ಊರೇ ಸೇರಿತ್ತು. ಇಬ್ಬರಿಗೂ ಹಾರ ಹಾಕಿದರು. ಯಜಮಾನಿ ಒಂದು ಚೊಂಬು ನೀರು ತುಂಬಿ ಕೈಗೆ ಕೊಟ್ಟಳು.

"ಕುಡೀರಿ ಸಾರ್, ಹಲ್ಲು ಜುಮ್ ಅಂತೈತೆ! ಇಷ್ಟು ತಣ್ಣಗಿನ ನೀರು ಈ ಸೀಮೇಲೇ ಇಲ್ಲ!"

ಸುತ್ತ ಚಪ್ಪಾಳೆ. ನಾನು ಥರ್ಮಾಮೀಟರ್ ಅದ್ದಿದೆ. ಸಹೋದ್ಯೋಗಿ ತೆಂಗಿನಮರದ ಕಡೆ ತಿರುಗಿಕೊಂಡ. ಅಂಕಿಯನ್ನು ಫೋನಿನಲ್ಲಿ ಹೇಳಿದೆ. ಸಾಹೇಬರು ಹೇಳಿದರು: "ಸರಿ. ಸಾಮಾನು ತೆಗೆದುಕೊಂಡು ಬಂದುಬಿಡಿ."

ನನ್ನ ಮುಖ ನೋಡಿ ಯಜಮಾನಿ ಕೇಳಿದಳು: "ಯಾಕೆ ಸಾರ್? ದೊಡ್ಡೋರು ಏನಂದ್ರು?"

"ನಮ್ಮ ವಿಭಾಗ ಮುಚ್ಚುತ್ತಾರಂತೆ ತಾಯಿ."

"ಅಯ್ಯೋ ಶಿವನೇ! ಏನು ತಪ್ಪು ಮಾಡಿದ್ರಿ?"

"ನೀರು ಬಿಸಿ ಇರಬೇಕಿತ್ತು. ತಣ್ಣಗಿದೆ."

ಆಕೆ ಸೆರಗು ಸಿಕ್ಕಿಸಿಕೊಂಡು ಮನೆಯ ಕಡೆ ತಿರುಗಿದಳು.

"ಅಷ್ಟಕ್ಕೆ ಮುಚ್ತಾರಾ? ಕುಂತ್ಕಳ್ರಿ ಸಾರ್, ಎಲ್ಲಿಗೂ ಹೋಗ್‌ಬ್ಯಾಡ್ರಿ. ಒಂದು ಹಂಡೆ ಕಾಯ್ಸಿ ಕೊಡ್ತೀನಿ, ತಗಂಡೋಗಿ ತೋರಿಸ್ರಿ."