ಗಂಗಿ ಎಂಬ ಎಮ್ಮಿಯ ವಿಚಾರಶಕ್ತಿ

ಬರ್ರಿ, ಹಿಂಗ ಗ್ವಾಡಿಗೆ ಬೆನ್ನು ಹಚ್ಚಿ ಕೂಡ್ರಿ. ಎಲಿ-ಅಡಿಕಿ ಹಾಕ್ಕೊಳ್ಳೋರು ಹಾಕ್ಕೊಳ್ರಿ. ಇದು ಠರಾವಾದ ಸತ್ಯ, ನಡುವೆ ನಗಬಾರದು.

ಮುಂಡಗೋಡದಾಚೆ ಒಂದೂರಿನ ರೈತರ ಸೊಸೈಟಿಯಲ್ಲಿ ಹೋದ ಸುಗ್ಗಿಗೆ, ಎಮ್ಮಿಗಳು ವಿಚಾರ ಮಾಡುತ್ತವೆ ಎಂಬುದು ದಾಖಲಾಯಿತು.

ಹೊಳೆವ್ವನ ಎಮ್ಮಿ ಗಂಗಿ ಆ ವಾರದೊಳಗೆ ಈಯುವಂತಿತ್ತು. ಅದು ಸೊಸೈಟಿ ಗೇಟಿನ ಚಿಲಕವನ್ನು ಕೋಡಿನಿಂದ ಎತ್ತಿ, ಅಂಗಳದ ಗೋವಿನಜೋಳದ ತೆನಿ ರಾಶಿಗೆ ಬಾಯಿ ಹಾಕಿತು. ಸೆಕ್ರೆಟರಿ ನಾಗಲಿಂಗಪ್ಪನವರು ಅದನ್ನು ಅಲ್ಲೇ ಕಟ್ಟಿಸಿದರು. ಹೊಳೆವ್ವನಿಗೆ ಒಂದೇ ಚಿಂತೆ: ಕರು ತನ್ನ ಹಿತ್ತಲಿನಲ್ಲೇ ಕಣ್ಣು ಬಿಡಬೇಕು.

“ಮೂಕಪ್ರಾಣಿರಿ. ಅದಕ್ಕೇನ ತಿಳಿತೈತಿ? ಬಿಡ್ರಿ.”

“ನಿಯಮ ಏಳು, ಹೊಳೆವ್ವಾ. ತಿಳೀಲಾರದ ತಿಂದ್ರ ಬಿಡುಗಡೆ. ವಿಚಾರ ಮಾಡಿ ರಾಶಿ ತಿಂದ್ರ ಮೂರು ತಿಂಗಳು ಕಟ್ಟು. ಕ್ಯಾಮೆರಾದಾಗ ನೋಡು, ಬಾಯಿ ಹಾಕೂ ಮೊದಲ ಎರಡೂ ಕಡೆ ನೋಡ್ಯಾಳ.”

“ನಮ್ಮ ಮನಿಯವ್ರೂ ನಲವತ್ತ ವರ್ಷ ಎರಡೂ ಕಡೆ ನೋಡಿದ್ರು. ಒಂದ ದಿನಾನೂ ವಿಚಾರ ಮಾಡಿದ್ದಿಲ್ಲ.”

ಆದರೂ ವಿಚಾರಣೆ ನಡೆಯಿತು. ಗುಮಾಸ್ತೆ ಸುಮಿತಾ ಗಂಗಿಗೆ ನಿಯಮ ಓದಿ, ವಿಚಾರ ಮಾಡಿ ತಿಂದೆಯೋ ಹೇಗೆ ಎಂದು ಕೇಳಿದಳು. ಗಂಗಿ ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತ ಅರ್ಧ ತಾಸು ಉತ್ತರವನ್ನೇ ಕೊಡಲಿಲ್ಲ. ಅರ್ಜಿ ತಂದವರ ಮುಂದೆ ನಾಗಲಿಂಗಪ್ಪನವರೂ ಎಲಿ ಜಗಿಯುತ್ತ ಹೀಗೇ ಕೂಡುತ್ತಿದ್ದರಾದ್ದರಿಂದ, ಇದು ವಿಚಾರವೇ ಎಂದು ಒಮ್ಮತದಿಂದ ತೀರ್ಮಾನವಾಯಿತು.

“ಆತು. ಆದ್ರ ಇಷ್ಟ ತೆನಿಗೆ ರಾಶಿ ಅಂತಾರೇನ್ರಿ?” ಎಂದು ಹೊಳೆವ್ವ ತಕರಾರು ತೆಗೆದಳು.

ನಾಗಲಿಂಗಪ್ಪನವರು ಪರೀಕ್ಷೆಗಾಗಿ ಒಂದು ತೆನಿ ತಮ್ಮ ಚೀಲಕ್ಕಿಳಿಸಿ “ಲಾಭ!” ಅಂದರು. ರಾಶಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನಬಾರದು, ಲಾಭ ಅನ್ನಬೇಕು, ಅದು ಪದ್ಧತಿ. “ಒಂದ ತೆನಿ ಹೋದ್ರ ರಾಶಿ ರಾಶಿ ಅಲ್ಲಾಗತೈತೇನು?” ಆಗಲಿಲ್ಲ. ಸುಮಿತಾ ಪರೀಕ್ಷಿಸಿದಳು, ಲಾಭ. ವಾಚಮನ್ ದುಂಡೇಶ, ಲಾಭ. ಪ್ರತಿ ಪರೀಕ್ಷೆಗೂ ಎಣಿಕೆ ಹೊಸದಾಗಿ ಸುರುವಾಗುತ್ತಿದ್ದರಿಂದ ಎರಡರ ತನಕ ಯಾರೂ ಮುಟ್ಟಲಿಲ್ಲ. ನಾಲ್ಕನೇ ದಿನ ಅಂಗಳದಲ್ಲಿ ಒಂದೇ ತೆನಿ ಉಳಿಯಿತು. ದಾಖಲೆಯಲ್ಲಿ ರಾಶಿ ಹಾಗೇ ಇತ್ತು.

ಹೊಳೆವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. “ಸಾಹೇಬ್ರ, ನಮ್ಮ ಗಂಗಿನೂ ಒಂದೊಂದ ತೆನಿ ತಿಂದಾಳ. ಪ್ರತಿ ಸಲ ಲಾಭ. ನಿಮ್ಮ ರಾಶಿ ಇಲ್ಲೇ ಐತೆಲ್ಲ?”

ನಾಗಲಿಂಗಪ್ಪನವರು ಬಹಳ ಹೊತ್ತು ಮೆಲುಕು ಹಾಕಿ ಬಿಡುಗಡೆ ಬರೆದರು. ಸಹಿ ಒಣಗುವುದರೊಳಗೆ ಗಂಗಿ ಅಲ್ಲೇ ಈದಳು.

“ಆದೇಶ ಒಂದ ಜೀವಕ್ಕೈತಿ,” ಎಂದು ದುಂಡೇಶ ಗೇಟಿಗೆ ಅಡ್ಡ ನಿಂತ.

“ಎಣಸೋ ಮತ್ತ,” ಎಂದು ಹೊಳೆವ್ವ ಕರುವನ್ನೆತ್ತಿಕೊಂಡು ದಾಟಿದಳು.

“ಲಾಭ,” ಅಂದ ದುಂಡೇಶ. ಹಿಂದೆ ಗಂಗಿ ದಾಟಿದಳು. ಹೊಸ ಎಣಿಕೆ. “ಲಾಭ.”

ಈಗ ನಾಗಲಿಂಗಪ್ಪನವರು ಹಳಿಯಾಳದ ಕಡೆ ದೊಡ್ಡ ರಾಶಿಗಳ ಪರೀಕ್ಷಕರು. ಸುಮಿತಾ ಸೆಕ್ರೆಟರಿ. ದುಂಡೇಶ ಆ ಒಂದು ತೆನಿಯ ರಾಶಿ ಕಾಯುತ್ತಾನೆ. ಇನ್ನು ಸುಗ್ಗಿಗೊಮ್ಮೆ ಅದಕ್ಕೆ ಪೂಜೆ. ಗಂಗಿ ಸೊಸೈಟಿಯ ಸಲಹಾ ಸಮಿತಿಯಲ್ಲಿದ್ದಾಳೆ, ಸಭೆ ತಪ್ಪಿಸುವುದಿಲ್ಲ. ಹೊಳೆವ್ವ ಕರುವಿಗೆ ಎರಡವ್ವ ಎಂದು ಹೆಸರಿಟ್ಟಳು. ಆ ಸಂಖ್ಯೆ ಊರಲ್ಲಿ ಖಾಲಿಯೇ ಬಿದ್ದಿತ್ತು.