ತೂತಿಲ್ಲದ ಟೇಬಲ್

ಹೊದಿಸಿದ್ದ ಚಾದರ ಎಳೆದ ಕೂಡಲೇ ಧರೆಪ್ಪನ ಎದೆ ಧಸಕ್ಕೆಂದಿತು. ಸೋಲಾಪುರದಿಂದ ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ ಬಿಲಿಯರ್ಡ್ಸ್ ಟೇಬಲ್ಲಿಗೆ ಒಂದೇ ಒಂದು ತೂತು ಇರಲಿಲ್ಲ.

ತಪ್ಪು ಅವನದಾದರೂ ಏನು? "ನಾ ನೋಡಿಟ್ಟ ಹತ್ತು ಫೂಟಿನ ಟೇಬಲ್ ತಗೊಂಡ ಬಾ" ಎಂದಿದ್ದರು ಅವನು ಕೆಲಸಕ್ಕಿದ್ದ ಮಿಲ್ಲಿನ ಶಿವಾನಂದ ಸಾಹೇಬರು. ಸೋಲಾಪುರದ ಗೋದಾಮಿನಲ್ಲಿ ಮೂರು ಟೇಬಲ್ಲುಗಳು ಚಾದರ ಹೊದ್ದು ಮಲಗಿದ್ದವು. ಚಾದರದ ಮೇಲಿಂದಲೇ ಅಳೆದು ನೋಡಿದ. ದೊಡ್ಡದು ಸ್ನೂಕರ್, ಸಣ್ಣದು ಪೂಲ್, ನಡುವಿನದು ಸರಿಯಾಗಿ ಹತ್ತು ಫೂಟು. ಅದನ್ನೇ ತಂದ. ಸಂಜೆಯೊಳಗೆ ಅದು ಅಕ್ಕಲಕೋಟೆಯ ಆಫೀಸಿನಲ್ಲಿ ಸಜ್ಜಾಗಿದ್ದರೆ ನಂದೇಶ್ವರಕ್ಕೆ ಆಗಿದ್ದ ಅವನ ವರ್ಗಾವಣೆ ರದ್ದು ಎಂದು ಸಾಹೇಬರು ಮಾತು ಕೊಟ್ಟಿದ್ದರು. ಹೆಂಡತಿ, ಮಗಳ ಶಾಲೆ, ಸ್ವಂತ ಮನೆ ಎಲ್ಲವೂ ಅಕ್ಕಲಕೋಟೆಯಲ್ಲೇ ಇದ್ದವು.

ಗುಮಾಸ್ತ ಅಮೋಲ್ ಮೊಬೈಲ್ ಮುಖಕ್ಕೆ ಹಿಡಿದ. "ನೋಡ್ರಿ, ಸ್ನೂಕರಿಗಿ ಆರು ಬಿಗಿ ತೂತ, ಪೂಲಿಗಿ ಆರು ಅಗಲ ತೂತ. ನಿಮ್ದಕ್ಕ ಸೊನ್ನಿ! ಫಸವಲಂ ತುಮ್ಹಾಲಾ, ಮೋಸ ಮಾಡ್ಯಾರ ನಿಮಗ, ಧರೆಪ್ಪಣ್ಣ."

"ಇಲ್ಲಂದ್ರ ಕೊರಸ್ರಿ, ಅದಕ್ಯಾಕ ಅಳಾಕತ್ತೀರಿ?" ಎಂದಳು ಟೈಪಿಸ್ಟ್ ಗುರುಲಿಂಗಮ್ಮ. ಪುಕ್ಕಟೆ ಸಲಹೆ ಕೊಡುವುದರಲ್ಲಿ ಅವಳದು ಎತ್ತಿದ ಕೈ.

ಬಡಗಿ ಬಂದ. ಹಸಿರು ಬಟ್ಟೆಯ ಕೆಳಗೆ ಕಲ್ಲಿನ ಹಾಸು ಸಿಕ್ಕಿ ಅವನ ಡ್ರಿಲ್ ಮುರಿಯಿತು, ಬೈದು ಹೋದ. ಗುರುಲಿಂಗಮ್ಮ ತಕ್ಷಣ ಅಡುಗೆಮನೆಗಳಿಗೆ ಕಡಪಾ ಕಲ್ಲು ಕೂರಿಸುವ ಮಲಕಾಜಪ್ಪನನ್ನು ಕರೆಸಿದಳು.

"ಸಿಂಕಿನ ಅಳತಿ ಒಂದ ಐತ್ರಿ ನನ್ನ ಹತ್ರ. ನಡೀತೈತೇನ್ರಿ?"

"ಏನರೆ ಮಾಡು ಮಾರಾಯ, ಲಗೂ ಮಾಡು!" ಎಂದು ಧರೆಪ್ಪ ತಲೆ ಚಚ್ಚಿಕೊಂಡ.

ಧೂಳಿನಲ್ಲಿ ಎಲ್ಲರೂ ಹಿಟ್ಟಿನ ಗಿರಣಿಯವರಂತಾದರು. ಟೇಬಲ್ಲಿಗೆ ಆರು ತೂತು ಬಿದ್ದವು, ಒಂದೊಂದರಲ್ಲೂ ಕೊಡ ಇಳಿಸಬಹುದಿತ್ತು.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. "ಯಾಂವಲೇ ಇದನ್ನ ಕೊರದಾಂವ? ಇದು ಮೂರು ಚೆಂಡು ಒಂದಕ್ಕೊಂದು ಬಡಿಯೂ ಆಟದ ಟೇಬಲ್! ಇದಕ್ಕ ತೂತ ಇರಂಗೇ ಇಲ್ಲ! ಕ್ಲಬ್ಬಿನಾಗ ನನ್ನ ಒಂದು ಚೆಂಡೂ ತೂತಿಗಿ ಬೀಳಂಗಿಲ್ಲಂತ ಮಂದಿ ನಗ್ತಾರ. ಅದಕ್ಕ ಇದನ್ನ ಆರಿಸಿದ್ದೆ!"

ಸಾಹೇಬರು ಸಿಟ್ಟಿನಲ್ಲೇ ಕೋಲು ತೆಗೆದುಕೊಂಡು ಚೆಂಡಿಗೆ ಬಡಿದರು. ಅದು ಎಲ್ಲೆಲ್ಲೋ ಅಡ್ಡಾಡಿ ದುಡುಂ ಎಂದು ತೂತಿಗೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಬಿದ್ದಾಗ ಸಾಹೇಬರ ಮುಖ ಅರಳಿತು.

"ಶಾಬ್ಬಾಸ್ ಧರೆಪ್ಪ!" ಎಂದು ಅವನನ್ನು ತಬ್ಬಿಕೊಂಡರು. ಧರೆಪ್ಪನಿಗೆ ಹೋದ ಜೀವ ಬಂದಂತಾಯಿತು.

"ನಾ ವಾರದಾಗ ನಾಕು ದಿನ ನಂದೇಶ್ವರದ ಆಫೀಸಿನಾಗ ಇರ್ತೀನಿ. ಅಲ್ಲೂ ಇಂಥಾದ್ದ ಬೇಕು. ನಿನ್ನ ಬಿಟ್ರ ಇದು ಯಾರಿಗಿ ತಿಳೀತೈತಿ? ನಾಳೆನ ಅಲ್ಲಿ ಹಾಜರಾಗು!"

"ಮಲಕಾಜಪ್ಪಗೂ ಕರಕೊಂಡ ಹೋಗ್ರಿ" ಎಂದು ಸಲಹೆ ಕೊಟ್ಟಳು ಗುರುಲಿಂಗಮ್ಮ.