ಸಂಬಂಧವಿಲ್ಲದ ಹತ್ತು ಜನ

ಎಲ್ಲ ಅನಾಹುತಕ್ಕೂ ಕಾರಣ ಜಗನ್‌ನ ಸೋಮಾರಿತನ. ಹೊಸ ಫಾರಂ ಜೆರಾಕ್ಸ್ ಮಾಡಿಸುವ ಬದಲು ಬೀರುವಿನಲ್ಲಿ ಮಿಕ್ಕಿದ್ದ ಹಳೆಯದನ್ನೇ ಬ್ಯಾಗಿಗೆ ತುರುಕಿಕೊಂಡು ಅವನು ಚಿಕ್ಕಬಳ್ಳಾಪುರದಲ್ಲಿ ಮಂಡಿಕಲ್ ಬಸ್ಸು ಹತ್ತಿದ. ಆ ಫಾರಂನ ಕೊನೆಯಲ್ಲಿ ಒಂದು ಸಾಲಿತ್ತು: ‘ಕೆಳಗೆ ಸಹಿ ಮಾಡಿದ ಹತ್ತು ಜನರೂ ಪರಸ್ಪರ ರಕ್ತಸಂಬಂಧಿಗಳಲ್ಲ.’

ಜಗನ್, ಜೀನ್‌ಗಳ ಸಂಶೋಧನೆ ನಡೆಸುವ ಶಿರೀಷಾ ಮೇಡಂ ಬಳಿ ಗುತ್ತಿಗೆ ನೌಕರ. ಗುತ್ತಿಗೆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. “ಇವತ್ತು ಹತ್ತು ಜನದ ರಕ್ತ ತಗೊಂಡ್ ಬಾ, ಇನ್ನೆರಡು ವರ್ಷ ಮುಂದುವರಿಸ್ತೀನಿ” ಎಂದಿದ್ದರು ಮೇಡಂ.

ರಕ್ತ ಕೊಟ್ಟವರಿಗೆ ಪುಕ್ಕಟೆ ಆರೋಗ್ಯ ತಪಾಸಣೆ ಎಂದದ್ದೇ ತಡ, ಹಾಲಿನ ಡೈರಿ ಮುಂದೆ ಹಳ್ಳಿಗೆ ಹಳ್ಳಿಯೇ ಸಾಲುಗಟ್ಟಿತು. ಪಕ್ಕದಲ್ಲೇ ಎಲೆಯಡಿಕೆ ಜಗಿಯುತ್ತ ಮಂಗಮ್ಮಜ್ಜಿ ಕೂತಿದ್ದರು. ಊರಿನ ನಾಲ್ಕು ತಲೆಮಾರು ಅವರ ನಾಲಿಗೆಯ ತುದಿಯಲ್ಲಿತ್ತು.

“ಇವನನ್ನ ತಗೊಂಡ್ಯಾ? ಹಂಗಾದ್ರೆ ಅವನು ಆಗಲ್ಲ ಕಣಪ್ಪ. ಇವನ ಸೋದರತ್ತೆ ಮಗ.”

“ಅವರ ಹಿಂದಿರೋರು ಅಜ್ಜಿ?”

“ಅವನು ಇವನಿಗೆ ಮಾವ. ಹೆಂಡ್ತಿ ಕಡೆಯಿಂದ್ಲೂ ಮಾವ, ಅಮ್ಮನ ಕಡೆಯಿಂದ್ಲೂ ಮಾವ!”

ಮಧ್ಯಾಹ್ನದ ಹೊತ್ತಿಗೆ ಜಗನ್ ನಲವತ್ತು ಜನರನ್ನು ವಾಪಸ್ ಕಳಿಸಿ ಒಬ್ಬನನ್ನು ಮಾತ್ರ ಉಳಿಸಿಕೊಂಡಿದ್ದ. ಪಾಪ, ಜಗನ್‌ಗೆ ಅಳುವೇ ಬಂತು.

ಅಷ್ಟರಲ್ಲಿ ಊರಿಗೆ ಗುಟ್ಟು ತಿಳಿದುಹೋಗಿತ್ತು. ಸಂಬಂಧ ಹೇಳಿದರೆ ತಪಾಸಣೆ ಇಲ್ಲ. ಊಟ ಮುಗಿಸಿ ಆವುಲಪ್ಪ ಬಂದ, ಬೆನ್ನಿಗೇ ಅವನ ತಮ್ಮ ವೆಂಕಟರವಣಪ್ಪ. ಅದೇ ಮೂಗು, ಅದೇ ಬೋಳುತಲೆ, ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿಸಿದ ಅಂಗಿ.

“ಇವರು ನಿಮಗೇನಾಗ್ಬೇಕು?”

“ಯಾರು, ಇವನಾ? ಇವತ್ತೇ ನೋಡ್ತಿರೋದು” ಎಂದ ಆವುಲಪ್ಪ.

“ನಾನೂ ಅಷ್ಟೇ. ಯಾವೂರೋ ಏನೋ” ಎಂದ ತಮ್ಮ.

ಜಗನ್ ಅಜ್ಜಿಯ ಮುಖ ನೋಡಿದ. ಅಜ್ಜಿಗೂ ಮಂಡಿನೋವು, ಅವರಿಗೂ ತಪಾಸಣೆ ಬೇಕಿತ್ತು. “ನಂಗೆ ಈ ಊರಲ್ಲಿ ಎವರೂ ಲೇರಪ್ಪ, ನನ್ನೋರು ಅಂತ ಯಾರೂ ಇಲ್ಲ” ಎನ್ನುತ್ತ ತೋಳು ಚಾಚಿದರು.

ಮೂರು ಗಂಟೆಗೆ ಹತ್ತು ಸಹಿ ಬಿದ್ದವು. ಸಾಕ್ಷಿ ಎಂಬಲ್ಲಿ ಜಗನ್ ತಾನೇ ಸಹಿ ಹಾಕಿದ. ಎಲ್ಲರೂ ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ಹೆಮ್ಮೆ ತಡೆಯದೆ ಜಗನ್ ಸ್ಪೀಕರ್ ಹಾಕಿಯೇ ಮೇಡಂಗೆ ಫೋನ್ ಮಾಡಿದ.

“ಮೇಡಂ, ಹತ್ತು ಜನ ಸಿಕ್ರು! ಯಾರಿಗೆ ಯಾರೂ ಏನೂ ಆಗಲ್ಲ!”

“ಅಯ್ಯೋ, ಹಳೇ ಫಾರಂ ತಗೊಂಡ್ ಹೋದ್ಯಾ? ಆಗ ಒಂದೆರಡು ಜೀನ್ ನೋಡ್ತಿದ್ವಿ, ನೆಂಟರು ಬೇಡ ಅಂತಿತ್ತು. ಈಗ ಪೂರ್ತಿ ಜೀನೋಮೇ ಓದ್ತೀವಲ್ಲಪ್ಪ! ಮನೆತನದಲ್ಲಿ ಕಾಯಿಲೆ ಹೆಂಗೆ ಇಳ್ಕೊಂಡ್ ಬರುತ್ತೆ ನೋಡೋಕೆ ನೆಂಟರೇ ಬೇಕು.”

ಜಗನ್ ಕುಣಿಯುವುದೊಂದು ಬಾಕಿ. “ಇವರೆಲ್ಲ ನೆಂಟರೇ ಮೇಡಂ! ಸುಳ್ಳು ಹೇಳವ್ರೆ!”

“ಹೇಳ್ಲಿ ಬಿಡು. ಯಾರು ಯಾರಿಗೆ ಅಣ್ಣತಮ್ಮ ಅಂತ ಜೀನೋಮೇ ಹೇಳುತ್ತೆ.”

ಫೋನ್ ಇಟ್ಟಾಗ ವೆಂಕಟರವಣಪ್ಪ ಎದುರಿಗೇ ನಿಂತಿದ್ದ.

“ನನ್ನ ರಕ್ತ ವಾಪಸ್ ಕೊಡಪ್ಪ.”

“ಯಾಕಣ್ಣ?”

“ನನಗೂ ಅವನಿಗೂ ಸಂಬಂಧ ಇಲ್ಲ ಅಂತ ಆವುಲಪ್ಪನೇ ಸಹಿ ಹಾಕವ್ನೆ. ಇನ್ನು ನಮ್ಮಪ್ಪನ ದ್ರಾಕ್ಷಿ ತೋಟದಲ್ಲಿ ಭಾಗ ಹೆಂಗೆ ಕೇಳ್ತಾನೋ ನೋಡಣ. ನಿಮ್ಮ ಮಿಷನ್ನು ಅಣ್ಣತಮ್ಮ ಅಂದ್ಬಿಟ್ರೆ ನನ್ನ ಗತಿ?”

“ನೀನೂ ಸಹಿ ಹಾಕಿದೀಯಲ್ಲೋ!” ಆವುಲಪ್ಪ ಮೊಬೈಲ್ ಎತ್ತಿ ಹಿಡಿದ. “ನಂದೂ ಕೊಡಪ್ಪ.”

ಭಾಗದ ಜಗಳವಿಲ್ಲದ ಮನೆ ಯಾವುದಿದೆ? ಉಳಿದವರೂ ಕೈ ಚಾಚಿದರು. ಕೇಳಿದರೆ ರಕ್ತ ಹಿಂತಿರುಗಿಸಬೇಕೆಂಬ ನಿಯಮವೂ ಅದೇ ಫಾರಂನಲ್ಲಿತ್ತು. ಡಬ್ಬಿ ಬರಿದಾಯಿತು. ಸುದ್ದಿ ಕೇಳಿದ್ದೇ ಮೇಡಂ ಫೋನ್ ಇಟ್ಟುಬಿಟ್ಟರು.

ಅಣ್ಣತಮ್ಮಂದಿರು ಮಾತ್ರ ಬಹಳ ಅಕ್ಕರೆಯಿಂದ, ಆಚೆಗೊಬ್ಬ ಈಚೆಗೊಬ್ಬ ನಡೆದುಕೊಂಡು ಜಗನ್‌ನನ್ನು ಬಸ್ಸಿಗೆ ಬಿಡಲು ಬಂದರು.

“ಸಾಕ್ಷಿ ಸಹಿ ನಿಂದೇ ಅಲ್ವೇನಪ್ಪ? ಮುಂದಿನ ತಿಂಗಳು ಕೋರ್ಟಿಗೆ ಬಂದ್ಬಿಡು” ಎಂದ ಆವುಲಪ್ಪ.

“ನನ್ನ ಕಡೆಗೂ ನೀನೇ ಸಾಕ್ಷಿ” ಎಂದ ವೆಂಕಟರವಣಪ್ಪ. ಆಮೇಲೆ ಕನಿಕರಪಟ್ಟು ಕೇಳಿದ, “ಕೆಲಸಕ್ಕೆ ರಜ ಸಿಗುತ್ತೇನಪ್ಪ?”

“ಸಿಗುತ್ತಣ್ಣ” ಎಂದ ಜಗನ್. “ಒಂದನೇ ತಾರೀಕಿಂದ ಪೂರ್ತಿ ರಜಾನೇ.”